ವಿದೇಶಿ ಪ್ಲಗ್ಗು, ನಮ್ಮ ಸಾಕೆಟ್ಟು: ಹಾಕುವ ಮುಂಚೆ ನೋಡಬೇಕಾದದ್ದು

ಗಲ್ಫ್‌ನಿಂದ ಬಂದ ಅಣ್ಣ ತಂದುಕೊಟ್ಟ ಇಸ್ತ್ರಿ ಪೆಟ್ಟಿಗೆ ನಮ್ಮ ಬೋರ್ಡಿಗೆ ಕೂರುತ್ತಿಲ್ಲ, ಏನು ಮಾಡಲಿ? ಮಗಳು ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದಾಳೆ, ಮಿಕ್ಸಿ ಕೊಟ್ಟು ಕಳಿಸಬಹುದಾ? ಆನೆಗೊಂದಿಯಲ್ಲಿ ಹೋಂಸ್ಟೇ ಇಟ್ಟಿದ್ದೇವೆ, ಹೊರದೇಶದವರು ಚಾರ್ಜರ್ ಹಿಡಿದು ಬಂದು ನಿಲ್ಲುತ್ತಾರೆ, ಯಾವ ಸಾಕೆಟ್ ಹಾಕಿಸಬೇಕು?

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಮೊದಲೇ ಒಂದು ಮಾತು. ಪ್ಲಗ್ಗು ಸಾಕೆಟ್ಟಿಗೆ ಕೂರದಿದ್ದರೆ ಯಾರಿಗೂ ಅಪಾಯ ಇಲ್ಲ. ಸಾಮಾನು ಓಡುವುದಿಲ್ಲ, ಅಷ್ಟೇ. ಅಪಾಯ ಶುರುವಾಗುವುದು ಅದನ್ನು ಹೇಗೋ ಮಾಡಿ ಕೂರಿಸಿದ ಮೇಲೆ. ಅಂಗಡಿಯಲ್ಲಿ ಸಿಗುವ ಸಣ್ಣ ಅಡಾಪ್ಟರ್ ಪಿನ್ನಿನ ಆಕಾರವನ್ನು ಹೊಂದಿಸಿ ಕೊಡುತ್ತದೆ. ಗೋಡೆಯಿಂದ ಬರುವ ವೋಲ್ಟೇಜನ್ನು ಅದು ಒಂದಿಷ್ಟೂ ಬದಲಿಸುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದದ್ದು ಸಾಮಾನಿನ ಲೇಬಲ್. ಪ್ಲಗ್ ಆಮೇಲೆ.

ಮೊದಲು ಕೆಲವು ಪದ

ವೋಲ್ಟೇಜ್ ಅಂದರೆ ಕರೆಂಟನ್ನು ತಂತಿಯೊಳಗೆ ತಳ್ಳುವ ಒತ್ತಡ. ಮಾಳಿಗೆ ಮೇಲಿನ ಟ್ಯಾಂಕ್ ಎತ್ತರಕ್ಕಿದ್ದಷ್ಟೂ ನಲ್ಲಿಯಲ್ಲಿ ನೀರು ಜೋರಾಗಿ ಬರುತ್ತದಲ್ವಾ, ಹಾಗೆ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಆಂಪ್ ಅಂದರೆ ಹರಿಯುವ ಕರೆಂಟಿನ ಪ್ರಮಾಣ. ಎರಡನ್ನೂ ಗುಣಿಸಿದರೆ ವ್ಯಾಟ್ ಸಿಗುತ್ತದೆ, ಅಂದರೆ ಸಾಮಾನು ಎಷ್ಟು ಶಕ್ತಿ ಎಳೆಯುತ್ತದೆ ಅನ್ನುವ ಲೆಕ್ಕ.

ಹರ್ಟ್ಸ್ ಅನ್ನುವುದು ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಹಿಂದಕ್ಕೂ ಮುಂದಕ್ಕೂ ಹೋಗಿ ಬರುತ್ತದೆ ಎನ್ನುವುದರ ಎಣಿಕೆ. ಇದನ್ನು ತಿಳಿಯಲು ದೂರ ಹೋಗಬೇಕಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ, ಬಳ್ಳಾರಿ ಪಕ್ಕದ ಕುಡತಿನಿಯಲ್ಲಿ ಕಲ್ಲಿದ್ದಲು ಸುಟ್ಟು ಹಬೆಯಿಂದ ಟರ್ಬೈನು ತಿರುಗಿಸುತ್ತಾರೆ. ಟರ್ಬೈನು, ಅದಕ್ಕೆ ಜೋಡಿಸಿದ ಜನರೇಟರು ಎರಡೂ ನಿಮಿಷಕ್ಕೆ 3000 ಸುತ್ತು ತಿರುಗುತ್ತವೆ. ಸೆಕೆಂಡಿಗೆ 50 ಸುತ್ತು. ನಮ್ಮ ಮನೆಯ 50 ಹರ್ಟ್ಸ್ ಅಂದರೆ ಅದೇ. ಅಮೆರಿಕದಲ್ಲಿ ಇಂಥದೇ ಜನರೇಟರು ನಿಮಿಷಕ್ಕೆ 3600 ಸುತ್ತು ಓಡುತ್ತದೆ, ಅಲ್ಲಿನದು 60 ಹರ್ಟ್ಸ್.

ಅರ್ಥಿಂಗ್ ಗೊತ್ತೇ ಇದೆ: ಸಾಮಾನಿನ ಲೋಹದ ಮೈಗೆ ತಪ್ಪಿ ಕರೆಂಟ್ ಬಂದರೆ ಅದನ್ನು ನಿಮ್ಮ ಮೂಲಕ ಹೋಗಲು ಬಿಡದೆ ನೆಲಕ್ಕೆ ಇಳಿಸುವ ದಾರಿ. ನಮ್ಮ ತ್ರೀಪಿನ್ ಪ್ಲಗ್ಗಿನಲ್ಲಿ ಮೇಲಿನ ಪಿನ್ನು ಉಳಿದೆರಡಕ್ಕಿಂತ ದಪ್ಪ, ಉದ್ದ. ದಪ್ಪ ಇರುವುದು ಅದು ತಪ್ಪಿಯೂ ಕರೆಂಟಿನ ತೂತಿಗೆ ಹೋಗಬಾರದು ಎಂದು. ಉದ್ದ ಇರುವುದು ಪ್ಲಗ್ ಹಾಕುವಾಗ ಅರ್ಥ್ ಮೊದಲು ತಾಗಬೇಕು, ಕೀಳುವಾಗ ಕೊನೆಗೆ ಬಿಡಬೇಕು ಎಂದು. ಆ ಪಿನ್ನನ್ನು ಮುರಿದು ಟೂಪಿನ್ ಸಾಕೆಟ್ಟಿಗೆ ಹಾಕುವವರನ್ನು ಕಂಡಾಗಲೆಲ್ಲ ನನಗೆ ನಿಜವಾಗಲೂ ಸಂಕಟವಾಗುತ್ತದೆ.

ದೇಶಕ್ಕೊಂದು ಪ್ಲಗ್ ಯಾಕೆ?

ಕರೆಂಟ್ ಮನೆಯೊಳಗೆ ಬಂದಾಗ ಪ್ಲಗ್ ಅನ್ನುವುದೇ ಇರಲಿಲ್ಲ. ಎಡಿಸನ್ 1882ರಲ್ಲಿ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್ ಕೇಂದ್ರದಿಂದ ಕರೆಂಟ್ ಕೊಡಲು ಶುರು ಮಾಡಿದ್ದು ದೀಪಕ್ಕಾಗಿ. ಆಗ ವೋಲ್ಟೇಜ್ ಸುಮಾರು 110. ಆಮೇಲೆ ಫ್ಯಾನು, ಇಸ್ತ್ರಿ ಪೆಟ್ಟಿಗೆ ಬಂದವು. ಅವನ್ನು ಬಲ್ಬ್ ತೆಗೆದು ಹೋಲ್ಡರಿಗೇ ಸಿಕ್ಕಿಸಬೇಕಿತ್ತು. ನಮ್ಮ ಕಡೆ ಹಳೇ ಮನೆಗಳಲ್ಲೂ ಹೋಲ್ಡರಿಗೆ ಹಾಕುವ ಪ್ಲಗ್ ನೋಡಿದವರಿದ್ದೀರಿ. ಹಾರ್ವಿ ಹಬೆಲ್ ಎಂಬುವವರು 1904ರಲ್ಲಿ ಅಮೆರಿಕದಲ್ಲಿ ಕಿತ್ತು ಹಾಕಬಹುದಾದ ಪ್ಲಗ್ಗಿಗೆ ಪೇಟೆಂಟ್ ಪಡೆದರು. ಆಮೇಲೆ ಅಲ್ಲಿ ಚಪ್ಪಟೆ ಪಿನ್ನೇ ರೂಢಿಯಾಯಿತು.

ಯುರೋಪು ಬೇರೆ ದಾರಿ ಹಿಡಿಯಿತು. ಬರ್ಲಿನ್ನಿನ ವಿದ್ಯುತ್ ಕಂಪನಿ 1899ರಲ್ಲಿ 220 ವೋಲ್ಟಿಗೆ ಹೋಯಿತು. ಕಾರಣ ಸರಳ. ವೋಲ್ಟೇಜ್ ಎರಡು ಪಟ್ಟಾದರೆ ಅಷ್ಟೇ ಕೆಲಸಕ್ಕೆ ಅರ್ಧ ಕರೆಂಟ್ ಸಾಕು, ತೆಳು ತಂತಿ ಸಾಕು, ತಾಮ್ರ ಉಳಿಯುತ್ತದೆ. ಅಮೆರಿಕದಲ್ಲಿ ಅಷ್ಟರಲ್ಲಿ ಹಳೇ ವೋಲ್ಟೇಜಿನ ಸಾಮಾನು ಮನೆಮನೆಗೂ ಸೇರಿತ್ತು, ಅವರು ಬದಲಿಸಲಿಲ್ಲ. ಜರ್ಮನಿಯಲ್ಲಿ ಆಲ್ಬರ್ಟ್ ಬ್ಯೂಟ್ನರ್ ಪಕ್ಕದಲ್ಲಿ ಅರ್ಥ್ ಪಟ್ಟಿ ಇರುವ ದುಂಡನೆಯ ಪ್ಲಗ್ಗಿಗೆ 1930ರಲ್ಲಿ ಪೇಟೆಂಟ್ ಪಡೆದರು. ಅದೇ ಈಗಿನ ಶುಕೋ. ಫ್ರಾನ್ಸಿನವರು ಅರ್ಥ್ ಪಿನ್ನನ್ನು ಪ್ಲಗ್ಗಿನಿಂದ ತೆಗೆದು ಸಾಕೆಟ್ಟಿನಲ್ಲೇ ಹೊರಚಾಚಿ ನಿಲ್ಲಿಸಿದರು. ಇಟಲಿ, ಸ್ವಿಟ್ಜರ್ಲೆಂಡ್, ಡೆನ್ಮಾರ್ಕ್ ತಮ್ಮ ತಮ್ಮದನ್ನು ಮಾಡಿಕೊಂಡವು. ಆ ಕಾಲದಲ್ಲಿ ಸಾಮಾನು ಹೊತ್ತು ದೇಶದಿಂದ ದೇಶಕ್ಕೆ ಓಡಾಡುವವರು ಎಷ್ಟು ಜನ ಇದ್ದರು? ಹೊಂದಿಸಬೇಕು ಅಂತ ಯಾರಿಗೂ ತೋಚಲಿಲ್ಲ.

ಇನ್ನು ನಮ್ಮ ಕಥೆ. ಇದು ಗಲ್ಫ್ ಪ್ರಶ್ನೆಗೂ ಉತ್ತರ ಕೊಡುತ್ತದೆ. ನಮ್ಮ ದುಂಡು ಪಿನ್ನಿನ ತ್ರೀಪಿನ್ ಬ್ರಿಟಿಷರದು. ಅವರ ಬಿಎಸ್ 546 ಎಂಬ ಮಾನದಂಡ 1934ರಲ್ಲಿ ಬಂತು. 5 ಆಂಪಿನದು ಸಣ್ಣದು, 15 ಆಂಪಿನದು ದೊಡ್ಡದು. ಈಗ ನಮ್ಮ ಐಎಸ್ 1293 ಪ್ರಕಾರ ಅವು 6 ಆಂಪ್, 16 ಆಂಪ್ ಆಗಿವೆ. ಆದರೂ ಅಂಗಡಿಯಲ್ಲಿ ಇವತ್ತಿಗೂ ಫೈವ್ ಆಂಪ್, ಫಿಫ್ಟೀನ್ ಆಂಪ್ ಅಂತಲೇ ಕೇಳುತ್ತೇವೆ.

ಬ್ರಿಟನ್ನು ಮಾತ್ರ ಇದನ್ನು ಕೈಬಿಟ್ಟಿತು. ಎರಡನೇ ಮಹಾಯುದ್ಧ ಮುಗಿದಾಗ ಅಲ್ಲಿ ಲಕ್ಷಾಂತರ ಮನೆ ಕಟ್ಟಬೇಕಿತ್ತು, ತಾಮ್ರಕ್ಕೆ ಬರ ಇತ್ತು. ಒಂದೇ ತಂತಿಯನ್ನು ಮನೆ ಸುತ್ತ ಉಂಗುರದ ಹಾಗೆ ಓಡಿಸಿ ಎಲ್ಲ ಸಾಕೆಟ್ಟುಗಳನ್ನೂ ಅದಕ್ಕೇ ಕಟ್ಟುವ ಪದ್ಧತಿ ತಂದರು. ಉಂಗುರಕ್ಕೆ 30 ಆಂಪಿನ ಫ್ಯೂಸ್. ಸಣ್ಣ ಟೇಬಲ್ ಲ್ಯಾಂಪಿನ ವೈರು ಕೆಟ್ಟರೆ 30 ಆಂಪಿನ ಫ್ಯೂಸು ಹಾರುವಷ್ಟರಲ್ಲಿ ವೈರೇ ಸುಟ್ಟಿರುತ್ತದೆ. ಅದಕ್ಕೆ ಪ್ರತಿ ಪ್ಲಗ್ಗಿನ ಒಳಗೂ ಒಂದು ಫ್ಯೂಸ್ ಇಟ್ಟರು. ಚಪ್ಪಟೆ ಮೂರು ಪಿನ್ನಿನ ಆ ಪ್ಲಗ್ಗಿನ ಮಾನದಂಡ ಬಿಎಸ್ 1363 ಬಂದದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷವೇ. ನಾವು ಹಳೆಯದರಲ್ಲೇ ಉಳಿದೆವು. ದುಬೈ, ಕತಾರ್, ಕುವೈತ್, ಸಿಂಗಪುರದಲ್ಲಿ ನೆಲೆಯೂರಿದ್ದು ಹೊಸದು. ನಮ್ಮದೂ ಬ್ರಿಟಿಷರ ಪ್ಲಗ್ಗೇ, ದುಬೈಯದೂ ಬ್ರಿಟಿಷರದೇ, ಕಾಲ ಮಾತ್ರ ಬೇರೆ.

ಎಲ್ಲ ದೇಶಕ್ಕೂ ಒಂದೇ ಪ್ಲಗ್ ಮಾಡುವ ಪ್ರಯತ್ನ ನಡೆದಿದೆ. ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ 1986ರಲ್ಲಿ ಅಂಥದೊಂದು ಮಾನದಂಡ ಹೊರಡಿಸಿತು. ಅದನ್ನು ಅಳವಡಿಸಿಕೊಂಡ ದೊಡ್ಡ ದೇಶಗಳು ಬ್ರೆಜಿಲ್, ದಕ್ಷಿಣ ಆಫ್ರಿಕಾ. ಉಳಿದವರು ಯಾಕೆ ಹಿಂದೆ ಸರಿದರು ಅಂತ ಊಹಿಸುವುದು ಕಷ್ಟವಲ್ಲ. ನಿಮ್ಮ ಒಂದು ಮನೆಯಲ್ಲಿ ಎಷ್ಟು ಸಾಕೆಟ್ ಇವೆ ಎಣಿಸಿ ನೋಡಿ. ಅಷ್ಟನ್ನೂ ಕಿತ್ತು ಬದಲಿಸಲು ಯಾರು ದುಡ್ಡು ಕೊಡುತ್ತಾರೆ?

ಈಗ ಬಳಕೆಯಲ್ಲಿರುವ ಬಗೆಗಳನ್ನು ಎ ಇಂದ ಓ ವರೆಗೆ ಇಂಗ್ಲಿಷ್ ಅಕ್ಷರಗಳಿಂದ ಕರೆಯುತ್ತಾರೆ. ನಮ್ಮ ಸಣ್ಣ ತ್ರೀಪಿನ್ ಟೈಪ್ ಡಿ, ಪವರ್ ಪ್ಲಗ್ ಟೈಪ್ ಎಂ, ಟೂಪಿನ್ ಟೈಪ್ ಸಿ. ಅಡಾಪ್ಟರ್ ಕೊಳ್ಳುವಾಗ ಈ ಅಕ್ಷರಗಳು ಉಪಯೋಗಕ್ಕೆ ಬರುತ್ತವೆ.

ಹಂತ 1: ಲೇಬಲ್ ಓದಿ

ಚಾರ್ಜರಿನ ಬೆನ್ನು ಅಥವಾ ಸಾಮಾನಿನ ತಳ ನೋಡಿ. ಕಪ್ಪು ಪ್ಲಾಸ್ಟಿಕ್ ಮೇಲೆ ಬೂದು ಅಕ್ಷರ, ಬರಿಗಣ್ಣಿಗೆ ಕಾಣುವುದೇ ಇಲ್ಲ. ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ನಿಮಗೆ ಬೇಕಾದದ್ದು ‘ಇನ್‌ಪುಟ್’ ಎಂದು ಇರುವ ಸಾಲು. ಅದರ ಕೆಳಗೇ ‘ಔಟ್‌ಪುಟ್’ ಸಾಲಿನಲ್ಲಿ 5 ವೋಲ್ಟ್, 20 ವೋಲ್ಟ್ ಅಂತ ಇರುತ್ತದೆ. ಅದನ್ನು ಓದಿ ಗಾಬರಿ ಬೀಳುವವರು ಜಾಸ್ತಿ. ಅದು ಫೋನಿಗೋ ಲ್ಯಾಪ್‌ಟಾಪಿಗೋ ಹೋಗುವ ಕರೆಂಟು. ಗೋಡೆಗೂ ಅದಕ್ಕೂ ಸಂಬಂಧ ಇಲ್ಲ.

ಇನ್‌ಪುಟ್ ಸಾಲಿನಲ್ಲಿ ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಇರುತ್ತದೆ:

- 100-240 ವೋಲ್ಟ್, 50/60 ಹರ್ಟ್ಸ್: ಯಾವ ದೇಶಕ್ಕಾದರೂ ಸರಿ. ಪಿನ್ನಿನ ಆಕಾರ ಹೊಂದಿಸಿಕೊಂಡರೆ ಸಾಕು.
- 220-240 ವೋಲ್ಟ್, 50 ಹರ್ಟ್ಸ್: ನಮ್ಮ ದೇಶದ್ದು, ಯುರೋಪಿನದು, ದುಬೈಯದು.
- 110-120 ವೋಲ್ಟ್, 60 ಹರ್ಟ್ಸ್: ಅಮೆರಿಕದ ಕಡೆಯದು. ಇದನ್ನು ನಮ್ಮ ಸಾಕೆಟ್ಟಿಗೆ ಹಾಕಿದರೆ ಕಥೆ ಮುಗಿಯಿತು.

ಈಗಿನ ಮೊಬೈಲ್, ಲ್ಯಾಪ್‌ಟಾಪ್, ಕ್ಯಾಮೆರಾ ಚಾರ್ಜರುಗಳು ಸಾಮಾನ್ಯವಾಗಿ ಮೊದಲ ಗುಂಪಿನವು. ಆದರೂ ಓದಿಯೇ ನಂಬಿ. ಕೆಲವು ಹೇರ್ ಡ್ರೈಯರ್, ಪ್ರಯಾಣದ ಇಸ್ತ್ರಿ ಪೆಟ್ಟಿಗೆಗಳಲ್ಲಿ ನಾಣ್ಯದಿಂದ ತಿರುಗಿಸುವ ಒಂದು ಚಿಕ್ಕ ಸ್ವಿಚ್ ಇರುತ್ತದೆ. ಹಳೇ ಡೆಸ್ಕ್‌ಟಾಪ್ ಕಂಪ್ಯೂಟರಿನ ಹಿಂದೆಯೂ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಇರುತ್ತದೆ. ಪ್ಲಗ್ ಹಾಕುವ ಮುಂಚೆಯೇ ಅದನ್ನು ಸರಿಯಾದ ಕಡೆಗೆ ತಳ್ಳಬೇಕು. ಲೇಬಲ್ ಅಳಿಸಿಹೋಗಿದ್ದರೆ ಊಹೆ ಬೇಡ. ಕಂಪನಿಯ ಮಾಡೆಲ್ ಸಂಖ್ಯೆ ಹಾಕಿ ಹುಡುಕಿ. ಸಿಗಲಿಲ್ಲ ಅಂದರೆ ಆ ಸಾಮಾನು ಮುಟ್ಟಬೇಡಿ.

ಹಂತ 2: ಹೋಗುವ ದೇಶದ ಲೆಕ್ಕ ನೋಡಿ

ನಮ್ಮ ಕಡೆಯವರು ಹೆಚ್ಚಾಗಿ ಹೋಗುವ ದೇಶಗಳನ್ನು ಮಾತ್ರ ಕೊಡುತ್ತೇನೆ.

- ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೇನ್: ಸುಮಾರು 230 ರಿಂದ 240 ವೋಲ್ಟ್, 50 ಹರ್ಟ್ಸ್. ಪ್ಲಗ್ ಟೈಪ್ ಜಿ, ಅಂದರೆ ಚಪ್ಪಟೆ ಮೂರು ಪಿನ್ನು.
- ಇಂಗ್ಲೆಂಡ್, ಐರ್ಲೆಂಡ್, ಸಿಂಗಪುರ, ಮಲೇಷ್ಯಾ: ಇವೂ ಹಾಗೇ.
- ಸೌದಿ ಅರೇಬಿಯಾ: ಪ್ಲಗ್ ಟೈಪ್ ಜಿ, ಆದರೆ 60 ಹರ್ಟ್ಸ್. ಮೊದಲು ಅಲ್ಲಿ 127 ವೋಲ್ಟ್ ಕೂಡ ಬಳಕೆಯಲ್ಲಿತ್ತು. 230ಕ್ಕೆ ಬರುವ ತೀರ್ಮಾನ ಆದದ್ದು 2010ರಲ್ಲಿ, ಅದೂ ನಿಧಾನವಾಗಿ ವರ್ಷಗಟ್ಟಲೆ ಆಗುವ ಕೆಲಸ. ಹಳೇ ಕಟ್ಟಡದಲ್ಲಿ ರೂಮು ಹಿಡಿದರೆ ಸಾಕೆಟ್ ಯಾವ ವೋಲ್ಟಿನದು ಅಂತ ಕೇಳಿಯೇ ಹಾಕಿ.
- ಜರ್ಮನಿ, ನೆದರ್ಲೆಂಡ್ಸ್, ಸ್ಪೇನ್: 230 ವೋಲ್ಟ್, 50 ಹರ್ಟ್ಸ್, ಟೈಪ್ ಎಫ್ (ಶುಕೋ). ಫ್ರಾನ್ಸಿನಲ್ಲಿ ಟೈಪ್ ಇ. ಎರಡಕ್ಕೂ ಕೂರುವ ಒಂದೇ ಪ್ಲಗ್ ಈಗ ಸಾಮಾನ್ಯ.
- ಅಮೆರಿಕ, ಕೆನಡಾ: 120 ವೋಲ್ಟ್, 60 ಹರ್ಟ್ಸ್, ಟೈಪ್ ಎ ಮತ್ತು ಬಿ.
- ಆಸ್ಟ್ರೇಲಿಯಾ, ನ್ಯೂಜಿಲೆಂಡ್: 230 ವೋಲ್ಟ್, 50 ಹರ್ಟ್ಸ್, ಓರೆಯಾಗಿ ನಿಂತ ಚಪ್ಪಟೆ ಪಿನ್ನಿನ ಟೈಪ್ ಐ.
- ಜಪಾನ್: 100 ವೋಲ್ಟ್, ಟೈಪ್ ಎ. ಒಂದೇ ದೇಶದಲ್ಲಿ ಟೋಕಿಯೊ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಹತ್ತೊಂಬತ್ತನೇ ಶತಮಾನದ ಕೊನೆಗೆ ಟೋಕಿಯೊದವರು ಜರ್ಮನ್ ಜನರೇಟರು ತರಿಸಿದರು, ಒಸಾಕಾದವರು ಅಮೆರಿಕದ್ದು. ಆ ಗೆರೆ ಇವತ್ತಿಗೂ ಅಳಿದಿಲ್ಲ.

ಬಳ್ಳಾರಿ ಜೀನ್ಸ್ ಘಟಕಗಳವರಿಗೆ ಇಲ್ಲೊಂದು ಮಾತು. ಜಪಾನಿನ ಸೆಕೆಂಡ್ ಹ್ಯಾಂಡ್ ಹೊಲಿಗೆ ಮಷಿನ್ ಕಡಿಮೆಗೆ ಸಿಗುತ್ತದೆ ಅಂದರೆ, ಮೋಟಾರಿನ ಫಲಕದಲ್ಲಿ 100 ಅಥವಾ 200 ವೋಲ್ಟ್ ಇದೆಯಾ ಅಂತ ಮೊದಲು ನೋಡಿ. ಇದ್ದರೆ ಟ್ರಾನ್ಸ್‌ಫಾರ್ಮರ್ ಅಥವಾ ಬೇರೆ ಮೋಟಾರಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ.

ಹಂತ 3: ಅಡಾಪ್ಟರ್ ಸಾಕಾ, ಟ್ರಾನ್ಸ್‌ಫಾರ್ಮರ್ ಬೇಕಾ, ಮನೆಯಲ್ಲೇ ಬಿಡುವುದಾ?

ಲೇಬಲ್ಲಿನ ವೋಲ್ಟೇಜೂ ದೇಶದ ವೋಲ್ಟೇಜೂ ಹೊಂದಿದರೆ ಅಡಾಪ್ಟರ್ ಸಾಕು. ಹೊಂದದಿದ್ದರೆ ವೋಲ್ಟೇಜ್ ಏರಿಸುವ ಅಥವಾ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಬಿಸಿ ಮಾಡುವ, ರುಬ್ಬುವ ಸಾಮಾನಿಗೆ ಸಾಕಾಗುವಂಥ ಟ್ರಾನ್ಸ್‌ಫಾರ್ಮರ್ ಕಬ್ಬಿಣ, ತಾಮ್ರ ತುಂಬಿದ ಭಾರದ ಪೆಟ್ಟಿಗೆ. ವಿಮಾನದ ಲಗೇಜಿನಲ್ಲಿ ಹೊತ್ತೊಯ್ಯುವುದು ನನ್ನ ಪ್ರಕಾರ ದಂಡ.

ಅಮೆರಿಕಕ್ಕೆ ಹೊರಟವರ ಮಿಕ್ಸಿ ಪ್ರಶ್ನೆಗೆ ಉತ್ತರ: ನಮ್ಮ 230 ವೋಲ್ಟಿನ ಮಿಕ್ಸಿ ಒಯ್ಯಬೇಡಿ. ಅಲ್ಲಿ ಅದು ತಿಣುಕುತ್ತಾ ತಿರುಗುತ್ತದೆಯೇ ಹೊರತು ಶೇಂಗಾ ಚಟ್ನಿಪುಡಿ ಆಗುವುದಿಲ್ಲ. ನಮ್ಮದೇ ಶೈಲಿಯ ಜಾರುಗಳಿರುವ 110 ವೋಲ್ಟಿನ ಮಿಕ್ಸಿಗಳನ್ನು ಅಮೆರಿಕಕ್ಕೆಂದೇ ಮಾಡುತ್ತಾರೆ. ಅದನ್ನೇ ಕೊಳ್ಳಿ. ಕೆಟಲ್ ಲೆಕ್ಕ ಇನ್ನೂ ಸ್ಪಷ್ಟ. ಇಲ್ಲಿ 1500 ವ್ಯಾಟ್ ಎಳೆಯುವ ಕೆಟಲ್ ಅಲ್ಲಿ 120 ವೋಲ್ಟಿನಲ್ಲಿ ಸುಮಾರು 400 ವ್ಯಾಟ್ ಮಾತ್ರ ಎಳೆಯುತ್ತದೆ. ವೋಲ್ಟೇಜ್ ಅರ್ಧವಾದರೆ ಶಾಖ ಕಾಲು ಭಾಗಕ್ಕೆ ಇಳಿಯುತ್ತದೆ. ನೀರು ಕಾಯುವಷ್ಟರಲ್ಲಿ ಚಹಾದ ಆಸೆಯೇ ಹೋಗಿರುತ್ತದೆ.

ತಿರುಗಿಸಿ ನೋಡಿದರೆ ಅಪಾಯ ಎಲ್ಲಿದೆ ಗೊತ್ತಾಗುತ್ತದೆ. ಅಮೆರಿಕದಲ್ಲಿ 1200 ವ್ಯಾಟ್ ಎಳೆಯುವ ಹೇರ್ ಡ್ರೈಯರನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಅದು 4400 ವ್ಯಾಟ್ ಎಳೆಯಲು ಹೋಗುತ್ತದೆ. ಕೆಲವೇ ಕ್ಷಣದಲ್ಲಿ ಸುರುಳಿ ಕೆಂಪಗೆ ಕಾದು ಹೊಗೆ ಬರುತ್ತದೆ. ಚಪ್ಪಟೆ ಪಿನ್ನಿಗೆ ಅಡಾಪ್ಟರ್ ಹಾಕಿ ‘ಕೂತಿತು’ ಅಂತ ಸ್ವಿಚ್ ಒತ್ತಿದವರು ಕಳೆದುಕೊಳ್ಳುವುದು ಹೀಗೆ.

ಹರ್ಟ್ಸ್ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಸ್ತ್ರಿ ಪೆಟ್ಟಿಗೆ, ಕೆಟಲ್‌ಗೆ ಅದು ಲೆಕ್ಕಕ್ಕಿಲ್ಲ. ಮಿಕ್ಸಿಯಲ್ಲಿ ಕಾರ್ಬನ್ ಬ್ರಷ್ ಇರುವ ಮೋಟಾರು, ಅದಕ್ಕೂ ಅಷ್ಟಾಗಿ ವ್ಯತ್ಯಾಸ ಇಲ್ಲ. ವೆಟ್ ಗ್ರೈಂಡರ್ 60 ಹರ್ಟ್ಸಿನಲ್ಲಿ ಸುಮಾರು ಐದನೇ ಒಂದು ಭಾಗ ಜೋರಾಗಿ ತಿರುಗುತ್ತದೆ. ಹುಷಾರಾಗಿರಬೇಕಾದದ್ದು ಸೌದಿಯಿಂದ ಫ್ರಿಜ್ಜು, ಮೈಕ್ರೋವೇವ್ ತರುವವರು. ಲೇಬಲ್ಲಿನಲ್ಲಿ 60 ಹರ್ಟ್ಸ್ ಒಂದೇ ಇದ್ದರೆ ಇಲ್ಲಿನ 50ರಲ್ಲಿ ಅವುಗಳ ಮೋಟಾರು, ಟ್ರಾನ್ಸ್‌ಫಾರ್ಮರ್ ಜಾಸ್ತಿ ಕಾಯುತ್ತವೆ, ಬಾಳಿಕೆ ಬರುವುದಿಲ್ಲ. 50/60 ಎಂದಿದ್ದರೆ ಮಾತ್ರ ತನ್ನಿ.

ಹಂತ 4: ಅಡಾಪ್ಟರ್ ಕೊಳ್ಳುವಾಗ

ಎಲ್ಲ ದೇಶಕ್ಕೂ ಆಗುತ್ತದೆ ಅನ್ನುವ ಬಿಳಿ ಘನಾಕಾರದ ಅಡಾಪ್ಟರ್ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಫೋನ್ ಚಾರ್ಜರಿಗೆ ಸರಿ. ಇಸ್ತ್ರಿ, ಕೆಟಲ್, ರೈಸ್ ಕುಕ್ಕರಿಗೆ ಬೇಡ. ಅದರಲ್ಲಿ ಅನೇಕವಕ್ಕೆ ಅರ್ಥ್ ಇರುವುದೇ ಇಲ್ಲ. ಮೂರನೇ ಪಿನ್ನು ಬರೀ ಪ್ಲಾಸ್ಟಿಕ್ಕಿನದಾಗಿದ್ದರೆ ಅದು ಸಾಕೆಟ್ಟಿನ ಮುಚ್ಚಳ ತೆರೆಯಲು ಮಾತ್ರ. ಕೈಯಲ್ಲಿ ಹಿಡಿದು ನೋಡಿ: ಅರ್ಥ್ ಪಿನ್ನು ಲೋಹದ್ದಾ, ಒಳಗಿನ ಅರ್ಥ್ ತೂತಿನಲ್ಲಿ ಹಿತ್ತಾಳೆಯ ಪಟ್ಟಿ ಕಾಣುತ್ತದಾ, ಮೈಮೇಲೆ ಎಷ್ಟು ಆಂಪ್ ಅಂತ ಅಚ್ಚಾಗಿದೆಯಾ. ಆಂಪ್ ಬರೆದಿಲ್ಲದ ಅಡಾಪ್ಟರ್ ವಾಪಸ್ ಕೊಡಿ.

ಇಂಗ್ಲೆಂಡ್, ದುಬೈಗೆ ಹೋಗುವವರು ಒಂದೇ ದೇಶಕ್ಕೆ ಆಗುವ, ಒಳಗೆ ಫ್ಯೂಸ್ ಇರುವ ಗಟ್ಟಿ ಅಡಾಪ್ಟರ್ ತಗೊಳ್ಳಿ. ಮೇಲೆ ಬಿಎಸ್ 1363 ಸಂಖ್ಯೆ ಇದ್ದರೆ ಒಳ್ಳೆಯದು. ಅಲ್ಲಿನ ಸಾಕೆಟ್ಟಿನ ಕರೆಂಟ್ ತೂತುಗಳಿಗೆ ಒಳಗಿಂದ ಮುಚ್ಚಳ ಇರುತ್ತದೆ. ಉದ್ದದ ಅರ್ಥ್ ಪಿನ್ನು ಒಳಗೆ ಹೋದಾಗ ಮಾತ್ರ ಅದು ಸರಿಯುತ್ತದೆ. ನಮ್ಮ ಹುಡುಗರು ಹಾಸ್ಟೆಲಿನಲ್ಲಿ ಟೂಪಿನ್ ಹಾಕಲು ಅರ್ಥ್ ತೂತಿಗೆ ಪೆನ್ನಿನ ತುದಿ ಚುಚ್ಚಿ ಮುಚ್ಚಳ ಸರಿಸುತ್ತಾರೆ. ದಯವಿಟ್ಟು ಇದನ್ನು ಕಲಿಯಬೇಡಿ, ಕಲಿಸಲೂಬೇಡಿ. ಟೂಪಿನ್ನಿನ ತೆಳು ಪಿನ್ನು ಅಲ್ಲಿ ಸಡಿಲವಾಗಿ ಕೂರುತ್ತದೆ, ಕಾಯುತ್ತದೆ.

ಒಂದೇ ಅಡಾಪ್ಟರಿನಲ್ಲಿ ನಾಲ್ಕು ಚಾರ್ಜರ್ ಓಡಿಸಬೇಕಾದರೆ ಇಲ್ಲಿಂದಲೇ ಒಂದು ಒಳ್ಳೇ ಎಕ್ಸ್‌ಟೆನ್ಷನ್ ಬಾಕ್ಸ್ ಒಯ್ಯಬಹುದು. ಚಾರ್ಜರುಗಳಿಗೆ ಮಾತ್ರ. ಅದಕ್ಕೆ ಹೀಟರ್ ಹಾಕಿದರೆ ಭಾರ ಎಲ್ಲ ಆ ಒಂದು ಅಡಾಪ್ಟರಿನ ಮೇಲೆ ಬೀಳುತ್ತದೆ. ಮತ್ತೆ, ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರಲಿ, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ.

ಹಂತ 5: ಗಲ್ಫ್‌ನಿಂದ ತಂದ ಸಾಮಾನಿಗೆ ನಮ್ಮ ಪ್ಲಗ್ ಹಾಕುವುದು

ದುಬೈಯ ಇಸ್ತ್ರಿ ಪೆಟ್ಟಿಗೆಯ ಲೇಬಲ್ 220-240 ವೋಲ್ಟ್ ಅನ್ನುತ್ತದೆ ಅಂದುಕೊಳ್ಳೋಣ. ವೋಲ್ಟೇಜ್ ಸರಿ. ಉಳಿದದ್ದು ಪ್ಲಗ್. ವಾರಂಟಿ ಇನ್ನೂ ಇದ್ದರೆ ವೈರು ಕತ್ತರಿಸಬೇಡಿ, 13 ಆಂಪಿನ ಒಳ್ಳೇ ಅಡಾಪ್ಟರ್ ಹುಡುಕಿ. ವಾರಂಟಿ ಮುಗಿದಿದ್ದರೆ ಪ್ಲಗ್ ಬದಲಿಸುವುದೇ ಮೇಲು. ಅಡಾಪ್ಟರ್ ಅಂದರೆ ಸಡಿಲಾಗುವ ಇನ್ನೊಂದು ಜಾಗ.

ಮೊದಲು ಯಾವ ಪ್ಲಗ್ ಅಂತ ತೀರ್ಮಾನಿಸಿ. 6 ಆಂಪಿನ ಸಾಕೆಟ್ಟಿನಲ್ಲಿ ಸುಮಾರು 1380 ವ್ಯಾಟ್ ತನಕ ಮಾತ್ರ. ಗಲ್ಫ್ ಇಸ್ತ್ರಿ ಪೆಟ್ಟಿಗೆಗಳು 2400 ವ್ಯಾಟ್ ಇರುವುದುಂಟು, ಅಂದರೆ 10 ಆಂಪಿಗಿಂತ ಜಾಸ್ತಿ. ಅದಕ್ಕೆ 16 ಆಂಪಿನ ತ್ರೀಪಿನ್ ಟಾಪೇ (ಅಂಗಡಿಯಲ್ಲಿ ಪ್ಲಗ್ಗಿಗೆ ಹೀಗೇ ಅನ್ನುತ್ತಾರೆ) ಬೇಕು, ಪವರ್ ಸಾಕೆಟ್ಟಿಗೇ ಹಾಕಬೇಕು. ಹೊಸ ಮನೆಗಳಲ್ಲಿ ಎರಡೂ ಗಾತ್ರದ ಪ್ಲಗ್ ಹಿಡಿಸುವ 6-16 ಆಂಪಿನ ಸಾಕೆಟ್ ಇರುತ್ತದೆ, ಅದಾದರೂ ಸರಿ. ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಾಗಲಿ, ನಿಮ್ಮೂರಿನ ಅಂಗಡಿಯಲ್ಲಾಗಲಿ ಟಾಪ್ ಕೊಳ್ಳುವಾಗ ಐಎಸ್ಐ ಗುರುತು, ಐಎಸ್ 1293 ಸಂಖ್ಯೆ ನೋಡಿ. ಹಿತ್ತಾಳೆಯ ಗಟ್ಟಿ ಪಿನ್ನು ಇರಲಿ. ತೂಕದಲ್ಲೇ ವ್ಯತ್ಯಾಸ ತಿಳಿಯುತ್ತದೆ.

ಆಮೇಲೆ ಹೀಗೆ ಮಾಡಿ:

1. ಸಾಮಾನು ಎಲ್ಲಿಗೂ ಜೋಡಿಸಿಲ್ಲ ಎಂದು ಖಾತ್ರಿ ಮಾಡಿಕೊಂಡು ಹಳೇ ಪ್ಲಗ್ ಕತ್ತರಿಸಿ. ಕತ್ತರಿಸಿದ ಪ್ಲಗ್ಗನ್ನು ಮಕ್ಕಳ ಕೈಗೆ ಸಿಗದಂತೆ ಬಿಸಾಡಿ.
2. ಒಳಗೆ ಮೂರು ವೈರು: ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆಯದು ಅರ್ಥ್. ನಮ್ಮ ಹಳೇ ವೈರಿಂಗಿನಲ್ಲಿ ಇವೇ ಕೆಂಪು, ಕಪ್ಪು, ಹಸಿರು.
3. ಹೊಸ ಟಾಪಿನೊಳಗೆ ಎಲ್, ಎನ್, ಇ ಅಕ್ಷರ ಅಥವಾ ಗುರುತು ಇರುತ್ತದೆ. ಎಲ್‌ಗೆ ಕಂದು, ಎನ್‌ಗೆ ನೀಲಿ, ಇ ಅಂದರೆ ದಪ್ಪ ಪಿನ್ನಿಗೆ ಹಸಿರು-ಹಳದಿ.
4. ಅರ್ಥ್ ವೈರನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಿ. ಯಾರಾದರೂ ವೈರು ಎಳೆದರೂ ಅದು ಕೊನೆಗೆ ಕಳಚಬೇಕು.
5. ಎಳೆಗಳನ್ನು ಹುರಿ ಮಾಡಿ ಸ್ಕ್ರೂ ಬಿಗಿ ಮಾಡಿ. ಒಂದೇ ಒಂದು ಎಳೆ ಹೊರಗೆ ಚಾಚಿಕೊಂಡಿರಬಾರದು.
6. ವೈರಿನ ಹೊರಕವಚವನ್ನು ಹಿಡಿಯುವ ಪಟ್ಟಿಯನ್ನು ಬಿಗಿ ಮಾಡಿ, ಆಮೇಲೆ ಮುಚ್ಚಿ. ಇದನ್ನು ಬಿಡುವವರೇ ಹೆಚ್ಚು.

ಎರಡೇ ವೈರು ಇದ್ದು, ಲೇಬಲ್ ಮೇಲೆ ಚೌಕದೊಳಗೆ ಚೌಕ ಇರುವ ಚಿಹ್ನೆ ಕಂಡರೆ ಅದು ಎರಡು ಪದರದ ಇನ್ಸುಲೇಷನ್ ಇರುವ ಸಾಮಾನು. ಅದಕ್ಕೆ ಅರ್ಥ್ ಬೇಕಿಲ್ಲ. ಚಿಹ್ನೆ ಇಲ್ಲದ, ಲೋಹದ ಮೈಯ ಸಾಮಾನಿಗೆ ಎರಡೇ ವೈರು ಇದ್ದರೆ ಎಲೆಕ್ಟ್ರಿಷಿಯನ್ನರಿಗೆ ತೋರಿಸಿ.

ವೈರಿನ ತುದಿ ಸುಲಿದು ಸಾಕೆಟ್ಟಿನ ತೂತಿಗೆ ತೂರಿಸಿ ಬೆಂಕಿಕಡ್ಡಿ ಸಿಕ್ಕಿಸುವ ಅಭ್ಯಾಸ ಹಬ್ಬದ ಪೆಂಡಾಲಿನಲ್ಲಿ, ಗದ್ದೆಯ ಪಂಪಿನ ಶೆಡ್ಡಿನಲ್ಲಿ ಇನ್ನೂ ಇದೆ. ಸಾವಿಗೆ ಅಷ್ಟು ಹತ್ತಿರದ ಕೆಲಸ ಬೇರೆ ಇಲ್ಲ. ಒಂದು ಟಾಪಿನ ಬೆಲೆ ಎಷ್ಟು, ಜೀವದ ಬೆಲೆ ಎಷ್ಟು?

ಹಂತ 6: ಹೋಂಸ್ಟೇ ನಡೆಸುವವರಿಗೆ

ಆನೆಗೊಂದಿ, ಸಾಣಾಪುರ, ಹಂಪಿ ಸುತ್ತಮುತ್ತ ಉಳಿಯುವ ಹೊರದೇಶದವರಿಗೆ ಮುಖ್ಯವಾಗಿ ಬೇಕಾಗಿರುವುದು ಫೋನು, ಕ್ಯಾಮೆರಾ ಚಾರ್ಜಿಂಗ್. ಮಂಚದ ಹತ್ತಿರ ಒಂದು ಯುಎಸ್‌ಬಿ ಸಾಕೆಟ್ ಹಾಕಿಸಿದರೆ ಅರ್ಧ ತಲೆನೋವು ಹೋಯಿತು.

ಯುರೋಪಿನವರ ತೆಳು ಟೂಪಿನ್ ನಮ್ಮ ಸಾಕೆಟ್ಟಿಗೆ ಹೋಗುತ್ತದೆ. ಆದರೆ ಅದರ ಪಿನ್ನು 4 ಮಿಲಿಮೀಟರ್ ದಪ್ಪ, ನಮ್ಮ ಸಣ್ಣ ತ್ರೀಪಿನ್ನಿನ ಕರೆಂಟ್ ಪಿನ್ನು ಸುಮಾರು 5. ಸಡಿಲಾಗಿ ಜೋತಾಡುತ್ತದೆ. ಚಾರ್ಜರಿಗೆ ನಡೆಯುತ್ತದೆ, ಹೆಚ್ಚು ಎಳೆಯುವ ಸಾಮಾನಿಗೆ ನಡೆಯದು. ದುಂಡನೆಯ ಶುಕೋ ಪ್ಲಗ್ಗನ್ನು ಒತ್ತಿ ಕೂರಿಸಿದರೂ ಅದರ ಅರ್ಥ್ ಪಟ್ಟಿ ನಮ್ಮ ಸಾಕೆಟ್ಟಿನಲ್ಲಿ ಎಲ್ಲಿಗೂ ತಾಗುವುದಿಲ್ಲ. ‘ಯೂನಿವರ್ಸಲ್’ ಎಂದು ಮಾರುವ, ಎಲ್ಲ ಬಗೆಯ ಪಿನ್ನೂ ಹೋಗುವ ಸಾಕೆಟ್ಟಿನದೂ ಇದೇ ತೊಂದರೆ. ಕೋಣೆಗೊಂದು ಅಂಥ ಸಾಕೆಟ್ ಹಾಕುವ ಬದಲು ನಮ್ಮದೇ ಒಳ್ಳೇ ಸಾಕೆಟ್ ಹಾಕಿಸಿ, ಟೈಪ್ ಎಫ್, ಜಿ, ಬಿ ಮೂರಕ್ಕೂ ಅರ್ಥ್ ಸಮೇತ ಆಗುವ ಅಡಾಪ್ಟರುಗಳನ್ನು ಕೈಯಲ್ಲಿಟ್ಟುಕೊಂಡು ಕೇಳಿದವರಿಗೆ ಕೊಡಿ.

ಅಮೆರಿಕದ ಅತಿಥಿ ಹೇರ್ ಡ್ರೈಯರ್, ಕೂದಲು ನೇರ ಮಾಡುವ ಸಾಧನ ಹಿಡಿದು ಬಂದರೆ ಅಡಾಪ್ಟರ್ ಕೊಡುವ ಮುಂಚೆ ಲೇಬಲ್ ತೋರಿಸಲು ಕೇಳಿ. ಇದರಲ್ಲಿ ಸಂಕೋಚ ಬೇಡ. ಕೋಣೆಯಲ್ಲಿ ‘ಇಲ್ಲಿ 230 ವೋಲ್ಟ್, 50 ಹರ್ಟ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದ ಸಣ್ಣ ಚೀಟಿ ಅಂಟಿಸಿ. ಮುಖ್ಯ ಬೋರ್ಡಿನಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ ಇರಲೇಬೇಕು. ಕರೆಂಟ್ ಮನುಷ್ಯನ ಮೈಯಿಂದ ನೆಲಕ್ಕೆ ಸೋರಿದರೆ ಕ್ಷಣದಲ್ಲಿ ಲೈನ್ ಕತ್ತರಿಸುವ ಸಾಧನ ಅದು. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿ ಹರಿದಾಗ ಬೀಳುವ ಸ್ವಿಚ್, ಆ ಕೆಲಸ ಮಾಡುವುದಿಲ್ಲ. ಆರ್‌ಸಿಸಿಬಿಯ ಮೇಲಿರುವ ಟೆಸ್ಟ್ ಬಟನ್ ಆಗಾಗ ಒತ್ತಿ ನೋಡಿ, ಟಪ್ ಅಂತ ಬೀಳಬೇಕು.

ಹಂತ 7: ಹಾಕಿದ ಮೇಲೆ ಕೈಯಿಟ್ಟು ನೋಡಿ

ಹೊಸ ಪ್ಲಗ್ ಅಥವಾ ಅಡಾಪ್ಟರ್ ಹಾಕಿದ ಮೊದಲ ದಿನ, ಹತ್ತು ಹದಿನೈದು ನಿಮಿಷ ಓಡಿಸಿ ಸ್ವಿಚ್ ಆಫ್ ಮಾಡಿ ಪ್ಲಗ್ಗಿನ ಮೈ ಮುಟ್ಟಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಷ್ಟು ಕಾದಿದ್ದರೆ ಎಲ್ಲೋ ಸಡಿಲ ಇದೆ. ಬೇಸಿಗೆಯಲ್ಲಿ ನಮ್ಮ ಕಡೆ ಗೋಡೆಯೇ ಕಾದಿರುತ್ತದೆ, ಹಾಗಾಗಿ ಪಕ್ಕದ ಖಾಲಿ ಸಾಕೆಟ್ ಮುಟ್ಟಿ ಹೋಲಿಸಿ. ಸಾಕೆಟ್ಟಿನ ತೂತಿನ ಸುತ್ತ ಟಾರ್ಚ್ ಬಿಟ್ಟು ನೋಡಿ. ಬಿಳಿ ಪ್ಲಾಸ್ಟಿಕ್ ಹಳದಿಗೆ ತಿರುಗಿ, ತೂತಿನ ಅಂಚಿಗೆ ಕಂದು ಉಂಗುರ ಬಿದ್ದಿದ್ದರೆ ಒಳಗೆ ಕಿಡಿ ಹಾರಿದೆ. ಸುಟ್ಟ ಮೀನಿನಂಥ ವಾಸನೆ ಬಂದರೂ ಅದೇ ಅರ್ಥ. ಸಂಡೂರು, ತೋರಣಗಲ್ಲು ಕಡೆ ಕೆಂಪು ಧೂಳು ಸಾಕೆಟ್ಟಿನೊಳಗೂ ಕೂರುತ್ತದೆ. ಮೇನ್ ಸ್ವಿಚ್ ಇಳಿಸಿ ಒಣ ಬ್ರಷ್ಷಿನಿಂದ ಆಗಾಗ ತೆಗೆಯಿರಿ. ಒದ್ದೆ ಬಟ್ಟೆ ಬೇಡ.

ಕಂದು ಉಂಗುರ ಕಂಡ ಸಾಕೆಟ್ಟಿಗೆ ಮತ್ತೆ ಏನನ್ನೂ ಹಾಕಬೇಡಿ. ಒಳಗಿನ ಸ್ಪ್ರಿಂಗು ಬಲ ಕಳೆದುಕೊಂಡಿರುತ್ತದೆ, ಬಿಗಿ ಮಾಡಿದರೂ ನಿಲ್ಲುವುದಿಲ್ಲ. ಎಂಸಿಬಿ ಇಳಿಸಿ, ಟೆಸ್ಟರಿನಿಂದ ಪರೀಕ್ಷಿಸಿ, ಸಾಕೆಟ್ ಬದಲಿಸಿ. ಅದರಲ್ಲಿ ಸುಟ್ಟ ಪ್ಲಗ್ಗನ್ನೂ ಜೊತೆಗೇ ಬದಲಿಸಿ. ಕರಕಲಾದ ಪಿನ್ನು ಹೊಸ ಸಾಕೆಟ್ಟನ್ನೂ ಹಾಳು ಮಾಡುತ್ತದೆ.